ಹಕ್ಕಿ ಯಾರೆಂದು ಮೊದಲೇ ಹೇಳಬೇಡಿ: ಬೇಂದ್ರೆಯವರ ಕಾಲಪಕ್ಷಿಯ ಪಾಠ

ಅಭ್ಯಾಸ ಬೋಧನೆಯಲ್ಲಿ ಹತ್ತನೆಯ ತರಗತಿಗೆ ದ.ರಾ. ಬೇಂದ್ರೆಯವರ ‘ಹಕ್ಕಿ ಹಾರುತಿದೆ ನೋಡಿದಿರಾ’ ಕವಿತೆಯನ್ನು ನಾನು ತಲಾ 40 ನಿಮಿಷಗಳ ಎರಡು ಅವಧಿಗಳಲ್ಲಿ ಬೋಧಿಸಿದೆ. ಈ ಪದ್ಯವನ್ನು ಕಲಿಸುವವರ ಮುಂದೆ ಸುಲಭದ ದಾರಿಯೊಂದಿದೆ. ‘ಹಕ್ಕಿ ಎಂದರೆ ಕಾಲ, ಕಾಲ ಸರ್ವಶಕ್ತ’ ಎಂದು ಕಪ್ಪುಹಲಗೆಯ ಮೇಲೆ ಬರೆದು, ಪ್ರತಿ ಪದ್ಯಕ್ಕೂ ಸಾರಾಂಶ ಹೇಳಿ ಮುಗಿಸುವುದು. ಹಾಗೆ ಮಾಡಿದರೆ ಮಕ್ಕಳಿಗೆ ಪರೀಕ್ಷೆಯ ಉತ್ತರ ಸಿಗುತ್ತದೆ, ಆದರೆ ಕವಿತೆಯನ್ನು ಓದುವ ಕೆಲಸವೇ ಉಳಿಯುವುದಿಲ್ಲ. ಉತ್ತರವನ್ನು ಕೊನೆಯವರೆಗೆ ಕಾಯ್ದಿರಿಸಿ, ವ್ಯಾಕರಣದ ಮೂಲಕವೇ ಮಕ್ಕಳನ್ನು ಅಲ್ಲಿಗೆ ತಲುಪಿಸುವುದು ನನ್ನ ಪಾಠ ಯೋಜನೆಯ ಉದ್ದೇಶವಾಗಿತ್ತು. ಆ ಹೆಜ್ಜೆಗಳನ್ನು ಸಹಪಾಠಿಗಳ ಉಪಯೋಗಕ್ಕಾಗಿ ಇಲ್ಲಿ ಬರೆಯುತ್ತಿದ್ದೇನೆ.

ಕವಿ ಮತ್ತು ಕೃತಿ

‘ಅಂಬಿಕಾತನಯದತ್ತ’ ಎಂಬ ಕಾವ್ಯನಾಮದ ಬೇಂದ್ರೆಯವರು ಹುಟ್ಟಿದ್ದು 1896ರಲ್ಲಿ, ಧಾರವಾಡದಲ್ಲಿ. ‘ನಾಕುತಂತಿ’ಗೆ 1973ರ ಜ್ಞಾನಪೀಠ ಪ್ರಶಸ್ತಿ ಬಂದಿತು. ಈ ಕವಿತೆ 1932ರ ‘ಗರಿ’ ಸಂಕಲನದ್ದು. ಸಂಕಲನದ ಹೆಸರೇ ಹಕ್ಕಿಯ ರೆಕ್ಕೆಯಿಂದ ಬಂದದ್ದು ಎಂಬುದನ್ನು ಮಕ್ಕಳ ಗಮನಕ್ಕೆ ತಂದೆ. ಕವಿಪರಿಚಯಕ್ಕೆ ಐದು ನಿಮಿಷ ಸಾಕಾಯಿತು.

ಮೊದಲ ಹೆಜ್ಜೆ: ಹಕ್ಕಿಯ ಮೈ

ಭಾವಪೂರ್ಣ ವಾಚನದ ನಂತರ ಒಂದೇ ಪ್ರಶ್ನೆ ಕೇಳಿದೆ: “ಈ ಹಕ್ಕಿಯನ್ನು ಚಿತ್ರ ಬಿಡಿಸಿದರೆ ಏನೇನು ಬಣ್ಣ ಬೇಕು?” ಕಪ್ಪು, ಬಿಳಿ, ಕೆಂಪು, ಹೊನ್ನು, ನೀಲಿ ಎಂದು ಮಕ್ಕಳು ಪದ್ಯದಿಂದ ಆರಿಸಿ ಕೊಟ್ಟರು. ಕೊರಳಲ್ಲಿ ಚುಕ್ಕೆಗಳ ಮಾಲೆ, ಕಣ್ಣಾಗಿ ಸೂರ್ಯ ಚಂದ್ರರು. ಕಪ್ಪು ಯಾವ ಹೊತ್ತಿನ ಬಣ್ಣ, ಕೆಂಪು ಯಾವ ಹೊತ್ತಿನದು ಎಂದು ಕೇಳಿದಾಗ ರಾತ್ರಿ, ಹಗಲು, ಮುಂಜಾವು, ಸಂಜೆ ಎಂಬ ಉತ್ತರಗಳು ಬಂದವು. ಸೂರ್ಯ ಚಂದ್ರರನ್ನು ನೋಡಿ ನಾವು ಏನನ್ನು ಅಳೆಯುತ್ತೇವೆ ಎಂಬ ಮುಂದಿನ ಪ್ರಶ್ನೆಗೆ ಒಬ್ಬ ಹುಡುಗಿ ಪಂಚಾಂಗವನ್ನು ನೆನಪಿಸಿದಳು. ಸೌರಮಾನ, ಚಾಂದ್ರಮಾನ ಎಂಬ ಎರಡು ಲೆಕ್ಕಗಳು ಆ ಎರಡು ಕಣ್ಣುಗಳಿಂದಲೇ ಹುಟ್ಟಿವೆ ಎಂದು ವಿವರಿಸಿದೆ. ‘ಕಾಲ’ ಎಂಬ ಮಾತನ್ನು ನಾನು ಇನ್ನೂ ಆಡಿರಲಿಲ್ಲ.

ಎರಡನೆಯ ಹೆಜ್ಜೆ: ಅಳತೆಗಳು

ಕವಿತೆಯಲ್ಲಿ ಅಳತೆಯ ಮಾತುಗಳು ಹಲವು. ರೆಪ್ಪೆ ಮುಚ್ಚಿ ತೆರೆಯುವಷ್ಟು ಹೊತ್ತು ಒಂದು ತುದಿ, ಮನ್ವಂತರ ಇನ್ನೊಂದು ತುದಿ. ಗಾವುದ ಎಂಬುದು ದೂರದ ಹಳೆಯ ಅಳತೆ. ‘ನಿಮಿಷ’ ಎಂಬ ಪದಕ್ಕೂ ಮೂಲದಲ್ಲಿ ರೆಪ್ಪೆ ಬಡಿಯುವುದು ಎಂದೇ ಅರ್ಥ ಎಂದಾಗ ಮಕ್ಕಳಿಗೆ ಆಶ್ಚರ್ಯವಾಯಿತು. ಮನ್ವಂತರವನ್ನು ಹಲಗೆಯ ಮೇಲೆ ಲೆಕ್ಕ ಹಾಕಿದೆವು. ಪುರಾಣದ ಎಣಿಕೆಯಲ್ಲಿ ಒಂದು ಮಹಾಯುಗಕ್ಕೆ 43,20,000 ವರ್ಷ. ಅಂಥ 71 ಮಹಾಯುಗ ಸೇರಿದರೆ ಒಂದು ಮನ್ವಂತರ, ಅಂದರೆ 30,67,20,000 ವರ್ಷ. ರೆಪ್ಪೆ ಬಡಿತದಿಂದ ಮೂವತ್ತು ಕೋಟಿ ವರ್ಷದವರೆಗೆ ಹಾರುವ ಹಕ್ಕಿ ಯಾವುದು? ತರಗತಿಯ ಅರ್ಧದಷ್ಟು ಕೈಗಳು ಮೇಲೆದ್ದವು. ಉತ್ತರವನ್ನು ಹೇಳಿಸದೆ, ನೋಟ್ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ, ನಾಳೆ ಕವಿತೆಯಿಂದಲೇ ಸಾಕ್ಷಿ ತರೋಣ ಎಂದು ಅವಧಿ ಮುಗಿಸಿದೆ.

ಮೂರನೆಯ ಹೆಜ್ಜೆ: ಕ್ರಿಯಾಪದಗಳ ಪಟ್ಟಿ

ಎರಡನೆಯ ಅವಧಿಯಲ್ಲಿ ಗುಂಪು ಚಟುವಟಿಕೆ. ಹಕ್ಕಿ ಮಾಡುವ ಕೆಲಸಗಳ ಧಾತುಗಳನ್ನು ಮಾತ್ರ ಆರಿಸಲು ಹೇಳಿದೆ. ಮುಕ್ಕು, ಮುಳುಗಿಸು, ಕುಕ್ಕು, ಒರೆಸು ಎಂಬವು ಒಂದು ಕಡೆ ಬಂದವು. ತೇಲಿಸು, ತೆರೆಸು, ಹರಸು, ಆಡು, ಹಾಡು ಎಂಬವು ಇನ್ನೊಂದು ಕಡೆ. ಸಾರ್ವಭೌಮರ ನೆತ್ತಿಯನ್ನು ಕುಕ್ಕಿದ್ದಕ್ಕೆ ಉದಾಹರಣೆ ಕೇಳಿದಾಗ ಸಮಾಜ ವಿಜ್ಞಾನದ ಪಾಠ ನೆರವಿಗೆ ಬಂದಿತು. 1917ರಲ್ಲಿ ರಷ್ಯಾದ ಜಾರ್, 1918ರಲ್ಲಿ ಜರ್ಮನಿಯ ಕೈಸರ್, 1922ರಲ್ಲಿ ತುರ್ಕಿಯ ಸುಲ್ತಾನ ಸಿಂಹಾಸನ ಕಳೆದುಕೊಂಡರು. ‘ಗರಿ’ ಪ್ರಕಟವಾಗುವ ಹಿಂದಿನ ಹದಿನೈದು ವರ್ಷಗಳಲ್ಲೇ ಇದೆಲ್ಲ ನಡೆದುಹೋಗಿತ್ತು.

ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟಾಗ ಮಕ್ಕಳಿಗೆ ಒಂದು ವಿಷಯ ಕಂಡಿತು. ಅಳಿಸುವ ಹಕ್ಕಿ, ಹರಸುವ ಹಕ್ಕಿ ಬೇರೆ ಬೇರೆಯಲ್ಲ. ಕಾಲವನ್ನು ಯಮನೆಂದು, ಕಾಲಪುರುಷನೆಂದು ಕಲ್ಪಿಸುವುದು ನಮ್ಮಲ್ಲಿ ಹಳೆಯ ರೂಢಿ. ಯಮನ ಕೈಯಲ್ಲಿ ಪಾಶವಿದೆ, ನೋಡಿದರೆ ಭಯವಾಗುತ್ತದೆ. ಹಕ್ಕಿಗೆ ಯಾರ ಮೇಲೂ ಹಗೆಯಿಲ್ಲ. ತೆನೆ ಮುಕ್ಕುವುದೂ ಹಾಡುವುದೂ ಅದಕ್ಕೆ ಸಹಜ.

ನಾಲ್ಕನೆಯ ಹೆಜ್ಜೆ: ಎರಡು ಸಂಧಿಗಳು

ಮಳೆಗಾಲ, ಚಳಿಗಾಲ ಎಂಬ ಪದಗಳನ್ನು ಬಿಡಿಸಲು ಹೇಳಿದೆ. ಮಳೆ + ಕಾಲ, ಚಳಿ + ಕಾಲ. ಕಕಾರಕ್ಕೆ ಗಕಾರ ಬಂದಿರುವುದರಿಂದ ಆದೇಶ ಸಂಧಿ. ಇದೇ ಬಗೆಯ ಪದವೊಂದು ಐದನೆಯ ಪದ್ಯದಲ್ಲಿದೆ, ಹುಡುಕಿ ಎಂದೆ. ‘ಹೊಸಗಾಲ’ ಸಿಕ್ಕಿತು. ಹಿಂದಿನ ದಿನ ಬರೆದಿಟ್ಟ ಉತ್ತರಕ್ಕೆ ಸಾಕ್ಷಿ ಸಂಧಿಯೊಳಗೇ ಅಡಗಿತ್ತು. ಅದು ಹಸುಗೂಸುಗಳನ್ನು ಹರಸುವ ಜಾಗದಲ್ಲಿದೆ ಎಂಬುದನ್ನೂ ಮಕ್ಕಳೇ ಹೇಳಿದರು.

ಎರಡನೆಯ ಪದ ‘ಬ್ರಹ್ಮಾಂಡ’. ಬ್ರಹ್ಮ + ಅಂಡ, ಸವರ್ಣದೀರ್ಘ ಸಂಧಿ. ಅಂಡ ಎಂದರೆ ಮೊಟ್ಟೆ. ಕೊನೆಯ ಪದ್ಯದಲ್ಲಿ ಹಕ್ಕಿ ದಿಕ್ಕುಗಳ ಅಂಚಿನಾಚೆಗೆ ಕೊಕ್ಕು ಚಾಚಿದೆ, ಮೊಟ್ಟೆಯನ್ನು ಒಡೆಯುವ ಮಾತು ಬರುತ್ತದೆ. ಒಡೆಯುವುದು ನಾಶಕ್ಕೋ, ಮರಿ ಹೊರಬರಲಿಕ್ಕೋ? “ಮರಿ ಒಳಗಿನಿಂದ ಕುಟ್ಟುತ್ತದೆ ಸರ್, ಹೊರಗಿನಿಂದಲ್ಲ” ಎಂದು ಕೋಳಿ ಸಾಕುವ ಮನೆಯ ಹುಡುಗ ಆಕ್ಷೇಪಿಸಿದ. ಒಳ್ಳೆಯ ಆಕ್ಷೇಪ. ಹಕ್ಕಿಯ ಹೊಂಚು ಬಲ್ಲವರು ಯಾರು ಎಂದು ಕವಿಯೇ ಪ್ರಶ್ನೆಯಾಗಿ ಉಳಿಸಿರುವುದರಿಂದ ಅದನ್ನು ನಾನೂ ತೀರ್ಮಾನಿಸದೆ ಚರ್ಚೆಗೆ ಬಿಟ್ಟೆ.

ಅಲಂಕಾರದ ಬಗ್ಗೆ

ಈ ಹಕ್ಕಿಯನ್ನು ‘ರೂಪಕಾಲಂಕಾರ’ ಎಂದು ಹೇಳಿಬಿಡುವುದು ಸುಲಭ. ರೂಪಕದಲ್ಲಿ ಉಪಮೇಯ, ಉಪಮಾನ ಎರಡನ್ನೂ ಹೇಳಿ ಅವು ಒಂದೇ ಎನ್ನಬೇಕು. ಇಲ್ಲಿ ಹಕ್ಕಿ ಮಾತ್ರ ಕಣ್ಣೆದುರಿಗಿದೆ, ಉಪಮೇಯವಾದ ಕಾಲವನ್ನು ಅದು ನುಂಗಿಕೊಂಡಿದೆ. ಹಾಗಾಗಿ ಇದನ್ನು ರೂಪಕಾತಿಶಯೋಕ್ತಿ ಎನ್ನುವುದು ಹೆಚ್ಚು ಸರಿ. ‘ಮಾನವೀಕರಣ’ ಎಂಬ ಪದವೂ ಹೊಂದುವುದಿಲ್ಲ. ಕಾಲ ಇಲ್ಲಿ ಮನುಷ್ಯನಾಗಿಲ್ಲ. ‘ಚೇತನಾರೋಪ’ ಎನ್ನಬಹುದು. ಇದು ಮಕ್ಕಳಿಗಿಂತ ಹೆಚ್ಚಾಗಿ ಪ್ರಶಿಕ್ಷಣಾರ್ಥಿಗಳು ಸ್ಪಷ್ಟ ಮಾಡಿಕೊಳ್ಳಬೇಕಾದ ವಿಷಯ.

ಬಂದ ಪ್ರಶ್ನೆ

ಪಾಠದ ಕೊನೆಗೆ ಹಿಂದಿನ ಸಾಲಿನ ಹುಡುಗಿ ಕೇಳಿದಳು: “ಎಲ್ಲವನ್ನೂ ಹಕ್ಕಿಯೇ ಮಾಡಿದರೆ ನಾವು ಮಾಡುವುದೇನು ಸರ್?” ಕಾಲವನ್ನು ಸರ್ವಶಕ್ತನೆಂದು ಕಲಿಸಿದ ಮೇಲೆ ಈ ಪ್ರಶ್ನೆಗೆ ಉತ್ತರಿಸುವ ಹೊಣೆ ಶಿಕ್ಷಕನದು. ‘ಸಮಯ ಹಾಳು ಮಾಡಬೇಡಿ’ ಎಂಬ ನೀತಿಮಾತು ಇದಕ್ಕೆ ಉತ್ತರವಾಗದು, ಕವಿತೆ ಅದನ್ನು ಹೇಳುವುದೂ ಇಲ್ಲ. ಪಲ್ಲವಿಯನ್ನು ಮತ್ತೊಮ್ಮೆ ಓದಲು ಹೇಳಿದೆ. ಏಳು ಪದ್ಯಗಳ ಕೊನೆಯಲ್ಲೂ ಕವಿ ನಮ್ಮನ್ನು ಕೇಳುವುದು ಒಂದೇ: ನೋಡಿದಿರಾ ಎಂದು. ಹಕ್ಕಿಯನ್ನು ಹಿಡಿಯಿರಿ ಎನ್ನುವುದಿಲ್ಲ, ನಿಲ್ಲಿಸಿ ಎನ್ನುವುದೂ ಇಲ್ಲ. ಹುಡುಗಿ ಸ್ವಲ್ಪ ಯೋಚಿಸಿ, “ನೋಡುವುದು ನಮ್ಮ ಕೆಲಸ” ಎಂದಳು. ಆ ಮಾತನ್ನೇ ಹಲಗೆಯ ಮೇಲೆ ಬರೆದೆ.

ಮೌಲ್ಯಮಾಪನ

ಸಾರಾಂಶ ಬರೆಯಿರಿ ಎಂಬ ಪ್ರಶ್ನೆಯ ಬದಲು ಮೂರು ಪ್ರಶ್ನೆ ಕೊಟ್ಟೆ. ಒಂದು, ಹಕ್ಕಿ ಕಾಲವೇ ಎಂಬುದಕ್ಕೆ ಕವಿತೆಯಿಂದ ಎರಡು ಸಾಕ್ಷಿ ಕೊಡಿ. ಎರಡು, ಅಳಿಸುವ ಮತ್ತು ಹರಸುವ ಕ್ರಿಯೆಗಳಲ್ಲಿ ಒಂದೊಂದನ್ನು ಆರಿಸಿ ನಿಮ್ಮ ಊರಿನ ಉದಾಹರಣೆ ಬರೆಯಿರಿ. ಮೂರು, ಕವಿತೆಯಲ್ಲಿ ಹಕ್ಕಿ ಮಂಗಳಲೋಕದ ಅಂಗಳಕ್ಕೆ ಏರಿದೆ. 2014ರ ಸೆಪ್ಟೆಂಬರ್ 24ರಂದು ಮಂಗಳಯಾನ ಆ ಗ್ರಹದ ಕಕ್ಷೆ ಸೇರಿತು. ಹಾರಿದ್ದು ಮನುಷ್ಯನೋ ಹಕ್ಕಿಯೋ? ಎರಡನೆಯದಕ್ಕೆ ಕೆರೆ ಬತ್ತಿದ್ದು, ಹಳೆಯ ಸಂತೆ ನಿಂತದ್ದು, ಮನೆಗೆ ತಂಗಿ ಹುಟ್ಟಿದ್ದು ಎಂಬ ಉತ್ತರಗಳು ಬಂದವು. ಮೂರನೆಯದಕ್ಕೆ ಒಂದೇ ಸರಿ ಉತ್ತರವಿಲ್ಲ. ಅದನ್ನು ತಿದ್ದುವಾಗ ಕಾರಣಕ್ಕೆ ಮಾತ್ರ ಅಂಕ ಕೊಟ್ಟೆ.