ಯಾರ ಮನೆಯ ಮಗು?



ಗೋಣಿಕೊಪ್ಪಲು, ಪೊನ್ನಂಪೇಟೆ ದಾಟಿ ಹುದಿಕೇರಿಯಲ್ಲಿ ಬಸ್ಸಿನಿಂದಿಳಿದ ಹೊಸಬರಿಗೆ ಎದುರಾಗುವ ಮೊದಲ ಪ್ರಶ್ನೆ ಯಾವುದೆಂದು ನಿಮಗೆ ಗೊತ್ತು. 'ನೀವು ಯಾವ ಮನೆಯವರು?' ಕೊಡವರಲ್ಲಿ ಒಕ್ಕದ ಹೆಸರು ಮೊದಲು, ಸ್ವಂತ ಹೆಸರು ಆಮೇಲೆ. ಇಲ್ಲಿ ನೆಲೆಸಿದ ನಾವು ಕಥೋಲಿಕರೂ ಅದೇ ಅಭ್ಯಾಸ ಕಲಿತಿದ್ದೇವೆ. ಮಂಗಳೂರಿನ ಕಡೆಯವರೋ, ಕೇರಳದವರೋ, ವಿರಾಜಪೇಟೆಯ ಹಳಬರೋ ಎಂದು ವಿಚಾರಿಸದೆ ನಮ್ಮ ಮಾತು ಮುಂದೆ ಹೋಗುವುದಿಲ್ಲ.

ಈಗ ಒಂದು ದೃಶ್ಯವನ್ನು ಊಹಿಸಿಕೊಳ್ಳಿ. ಭಾನುವಾರದ ಪೂಜೆ ಮುಗಿದಿದೆ. ಚರ್ಚಿನ ಅಂಗಳದಲ್ಲಿ ಸುಮಾರು ನಲವತ್ತು ವರ್ಷದ ಒಬ್ಬ ಹೆಂಗಸು ನಿಂತಿದ್ದಾಳೆ. ಮುಖ ನಮ್ಮದೇ, ಮೈಬಣ್ಣ ನಮ್ಮದೇ, ಆದರೆ ಕನ್ನಡದ ಒಂದು ಅಕ್ಷರವೂ ಬಾರದು. ಬೆಳೆದದ್ದು ಸ್ವೀಡನ್ನಿನಲ್ಲಿ, ಬಿಳಿಯ ತಂದೆತಾಯಿಯ ಮಡಿಲಲ್ಲಿ. ಕೈಯಲ್ಲಿರುವ ಹಳೆಯ ಕಾಗದದಲ್ಲಿ ಹುಟ್ಟಿದ ವರ್ಷ ಮತ್ತು 'ಕೊಡಗು ಜಿಲ್ಲೆ' ಎಂಬುದನ್ನು ಬಿಟ್ಟರೆ ಹೆಚ್ಚೇನೂ ಇಲ್ಲ. ಯಾವ ಮನೆಯವರೆಂದು ನೀವು ಕೇಳುತ್ತೀರಿ. ಅವಳು ಅಷ್ಟು ದೂರದಿಂದ ಬಂದಿರುವುದೇ ಆ ಪ್ರಶ್ನೆಗೆ ಉತ್ತರ ಹುಡುಕಲು!

ಈ ಹೆಂಗಸು ಕಲ್ಪನೆಯವಳು. ಆದರೆ ಇಂಥ ಪ್ರಯಾಣಗಳು ಕಲ್ಪನೆಯಲ್ಲ. ಕಳೆದ ಶತಮಾನದ ಉತ್ತರಾರ್ಧದಲ್ಲಿ ಭಾರತದಿಂದ ಸ್ವೀಡನ್, ಜರ್ಮನಿ, ನೆದರ್ಲೆಂಡ್ಸ್, ಸ್ಪೇನ್, ಅಮೆರಿಕ ಮೊದಲಾದ ದೇಶಗಳಿಗೆ ಸಾವಿರಾರು ಮಕ್ಕಳು ದತ್ತು ಹೋದರು. ಅವರಲ್ಲಿ ಎಷ್ಟೋ ಮಕ್ಕಳನ್ನು ಕಳುಹಿಸಿಕೊಟ್ಟದ್ದು ನಮ್ಮ ಧರ್ಮಭಗಿನಿಯರ ಆಶ್ರಮಗಳೇ. ಆದ್ದರಿಂದ ಇದು ಪರರ ಸುದ್ದಿ ಎಂದು ನಾವು ಸುಮ್ಮನಿರುವಂತಿಲ್ಲ.

ಆಶಾ ಮಿರೋ ಎಂಬವರು 1967ರಲ್ಲಿ ಮಹಾರಾಷ್ಟ್ರದಲ್ಲಿ ಹುಟ್ಟಿದರು. ಸಿಸ್ಟರುಗಳ ಆರೈಕೆಯಲ್ಲಿ ಬೆಳೆದು 1974ರಲ್ಲಿ, ಏಳನೆಯ ವಯಸ್ಸಿನಲ್ಲಿ, ಸ್ಪೇನಿನ ಬಾರ್ಸಿಲೋನಾದ ಒಂದು ಕುಟುಂಬಕ್ಕೆ ಮಗಳಾಗಿ ಹೋದರು. ಪ್ರೀತಿಗೆ ಏನೂ ಕೊರತೆ ಇರಲಿಲ್ಲ. ಆದರೂ 1995ರಲ್ಲಿ ಹುಟ್ಟಿದ ನಾಡನ್ನು ಹುಡುಕಿಕೊಂಡು ಬಂದರು. ತಮಗೊಬ್ಬ ಅಕ್ಕ ಇದ್ದಾಳೆಂಬುದು ಆ ಸಲ ಗೊತ್ತಾಗಲಿಲ್ಲ. 2003ರಲ್ಲಿ ಮತ್ತೆ ಬಂದಾಗ ಆ ಅಕ್ಕ ಸಿಕ್ಕಳು. ಒಂದೇ ರಕ್ತ, ಮಾತಾಡಲು ಮಾತ್ರ ಒಂದು ಸಮಾನ ಭಾಷೆ ಇಲ್ಲ. ಈ ಕಥೆಯನ್ನು ಅವರೇ ಪುಸ್ತಕವಾಗಿ ಬರೆದಿದ್ದಾರೆ.

ಖಂಡ್ವಾದ ಹುಡುಗ ಸರೂ ಬ್ರಿಯರ್ಲಿಯ ಕಥೆ ಸಿನಿಮಾ ಆದದ್ದರಿಂದ ಹೆಚ್ಚು ಜನರಿಗೆ ಗೊತ್ತು. ಐದು ವರ್ಷದವನಿದ್ದಾಗ ರೈಲಿನಲ್ಲಿ ಕಳೆದುಹೋಗಿ, ಕಲ್ಕತ್ತಾ ಸೇರಿ, 1987ರಲ್ಲಿ ಆಸ್ಟ್ರೇಲಿಯಾಕ್ಕೆ ದತ್ತು ಹೋದ. 2012ರಲ್ಲಿ ಹೆತ್ತ ತಾಯಿಯನ್ನು ಕಂಡ. ಮಗ ಎಂದಾದರೂ ಬಂದಾನೆಂದು ಆ ತಾಯಿ ಅದೇ ಊರಿನಲ್ಲಿ ಇಪ್ಪತ್ತೈದು ವರ್ಷ ಕಾದಿದ್ದಳು. ಸಾಕಿದ ತಾಯಿಯೂ ಆಮೇಲೆ ಬಂದು ಅವಳನ್ನು ಅಪ್ಪಿಕೊಂಡಳು.

ಇಲ್ಲಿ ಸಾಕಿದವರ ಮನಸ್ಸಿನ ಒಂದು ಅಳುಕನ್ನು ಹೇಳಬೇಕು. 'ಇಷ್ಟು ಮಾಡಿದರೂ ಅವಳಿಗೆ ಆ ತಾಯಿಯೇ ಬೇಕಾಯಿತೇ?' ಎಂಬ ನೋವು ಅದು. ಸಹಜವೇ. ಆದರೆ ಬೇರನ್ನು ಹುಡುಕುವುದು ಕೃತಘ್ನತೆ ಅಲ್ಲ. ಬಿಳಿಯರ ನಡುವೆ ಕಂದು ಬಣ್ಣದ ಮಗುವಾಗಿ ಬೆಳೆದವರಿಗೆ ಮನೆಯಲ್ಲಿ ಮರೆತ ಪ್ರಶ್ನೆಯನ್ನು ಶಾಲೆ, ಬಸ್ ನಿಲ್ದಾಣ, ಅಂಗಡಿ ದಿನವೂ ನೆನಪಿಸುತ್ತವೆ. 'ನೀನು ನಿಜವಾಗಿ ಎಲ್ಲಿಯವಳು?' ಅಲ್ಲಿ ಬಣ್ಣ ಬೇರೆ, ಇಲ್ಲಿಗೆ ಬಂದರೆ ಭಾಷೆ ಬೇರೆ. ಎರಡೂ ಕಡೆ ಹೊರಗಿನವರು.

ನಾವೇನು ಕಡಿಮೆಯೇ? ಇಂದು ದತ್ತು ಅರ್ಜಿ ಆನ್‌ಲೈನಿನಲ್ಲಿ ಹೋಗುತ್ತದೆ, ಸರದಿಯಂತೆ ಸಿಗುವ ಮಗು ಬೇರೊಂದು ರಾಜ್ಯದ್ದೂ ಆಗಿರಬಹುದು. ಅಂಥ ಮಗು ನಮ್ಮ ಧರ್ಮಕೇಂದ್ರದ ಒಂದು ಮನೆಗೆ ಬಂದಾಗ 'ಬಣ್ಣ ಯಾರದ್ದು ಇದು?' ಎಂದು ಮಗುವಿನ ಎದುರೇ ಕೇಳುವ ಬಾಯಿಗಳು ನಮ್ಮಲ್ಲೂ ಇವೆ. ಮಕ್ಕಳಿಗೆ ತಿಳಿಯುವುದಿಲ್ಲವೆಂಬುದು ದೊಡ್ಡವರ ಭ್ರಮೆ.

ವಿಮೋಚನಕಾಂಡದ ಎರಡನೆಯ ಅಧ್ಯಾಯವನ್ನು ಈ ಕಣ್ಣಿನಿಂದ ಮತ್ತೊಮ್ಮೆ ಓದಿ. ಹಿಬ್ರಿಯರ ಮಗು ಈಜಿಪ್ಟಿನ ಅರಮನೆಯಲ್ಲಿ ಬೆಳೆಯುತ್ತದೆ. ಜನಾಂಗ ಬೇರೆ, ಭಾಷೆ ಬೇರೆ. ಮೋಶೆ ಎಂಬ ಹೆಸರನ್ನಿಟ್ಟವಳೂ ಫರೋಹನ ಮಗಳೇ. ಹೆತ್ತ ತಾಯಿ ತನ್ನ ಮಗುವಿಗೇ ಸಂಬಳದ ದಾದಿಯಾಗಿ ಹಾಲೂಡಿಸಿದಳು, ಆಮೇಲೆ ಒಪ್ಪಿಸಿ ಬಂದಳು. ಆ ದಿನ ಅವಳ ಹೊಟ್ಟೆ ಎಷ್ಟು ಉರಿದಿರಬೇಕು, ಬೈಬಲ್ ಹೇಳುವುದಿಲ್ಲ. ಮೋಶೆ ದೊಡ್ಡವನಾದ ಮೇಲೆ ತನ್ನವರನ್ನು ನೋಡಲು ಹೊರಟ. ಅದಕ್ಕಾಗಿ ಅರಮನೆಯ ತಾಯಿಯನ್ನು ಯಾರೂ ಕೆಟ್ಟವಳೆನ್ನಲಿಲ್ಲ.

ಇನ್ನು ಕಾನೂನು. ಹಿಂದೂ ದತ್ತಕ ಕಾಯಿದೆ ನಮಗೆ ಅನ್ವಯಿಸದ ಕಾರಣ ಕ್ರೈಸ್ತ ದಂಪತಿಗಳು ಬಹುಕಾಲ 1890ರ ಕಾಯಿದೆಯಡಿ ಮಗುವಿಗೆ ಪಾಲಕರು ಮಾತ್ರ ಆಗಬಹುದಿತ್ತು. ವಿದೇಶೀಯರೂ ಅದೇ ದಾರಿಯಲ್ಲಿ ಮಕ್ಕಳನ್ನು ಕರೆದೊಯ್ದರು. 1984ರಲ್ಲಿ ಲಕ್ಷ್ಮೀಕಾಂತ ಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದಕ್ಕೆ ಕಟ್ಟುನಿಟ್ಟಿನ ನಿಯಮ ಹಾಕಿತು. ಬೆಳೆದ ಮಗು ತನ್ನ ಹೆತ್ತವರ ಬಗ್ಗೆ ಕೇಳಿದರೆ ತಿಳಿಸಲು ದೊಡ್ಡ ಅಡ್ಡಿ ಇರಬೇಕಿಲ್ಲವೆಂದೂ ಹೇಳಿತು. ದತ್ತು ವ್ಯವಹಾರ ನೋಡಿಕೊಳ್ಳುವ ಕೇಂದ್ರ ಸಂಸ್ಥೆ 'ಕಾರಾ' 1990ರಲ್ಲಿ ಬಂತು. 1993ರ ಹೇಗ್ ಒಪ್ಪಂದವನ್ನು ಭಾರತ 2003ರಲ್ಲಿ ಒಪ್ಪಿಕೊಂಡಿತು. ಬಾಲನ್ಯಾಯ ಕಾಯಿದೆಗಳಿಂದ ಈಗ ಯಾವ ಧರ್ಮದವರೂ ಪೂರ್ಣ ಅರ್ಥದಲ್ಲಿ ದತ್ತು ಪಡೆಯಬಹುದು.

ನಿಯಮಕ್ಕೆ ಮುಂಚಿನ ಕಾಲದ ಕಾಗದಗಳು ಎಲ್ಲವೂ ಸತ್ಯವಾಗಿರಲಿಲ್ಲ. ತಾಯಿ ಬದುಕಿದ್ದಾಗಲೇ 'ಅನಾಥ' ಎಂದು ಬರೆದದ್ದುಂಟು. ಸ್ವಲ್ಪ ಕಾಲ ನೋಡಿಕೊಳ್ಳಲಿ ಎಂದು ಬಿಟ್ಟ ಮಗು ವಿಮಾನ ಹತ್ತಿದ್ದೂ ಉಂಟು. ಪುಣೆಯಲ್ಲಿ ಹುಟ್ಟಿ ಜರ್ಮನಿಯಲ್ಲಿ ಬೆಳೆದ ಅರುಣ್ ಡೋಲೆ ತಮ್ಮ ಕಡತ ನೋಡಲು ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು. ತಾಯಿ ಸಿಕ್ಕಿದ್ದು 2010ರಲ್ಲಿ. ಹಳೆಯ ತಪ್ಪುಗಳು ಬಯಲಾದ ಮೇಲೆ 2021ರಲ್ಲಿ ನೆದರ್ಲೆಂಡ್ಸ್ ಸರ್ಕಾರ ಹೊರದೇಶದ ದತ್ತುಗಳನ್ನೇ ತಡೆಹಿಡಿಯಿತು. ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸದಲ್ಲೂ ಸುಳ್ಳು ಸೇರಿದರೆ ಅದರ ಸಾಲವನ್ನು ತೀರಿಸುವವರು ಮಕ್ಕಳು.

ಇಲ್ಲಿಯೇ ನಮ್ಮ ಜ್ಞಾನಸ್ನಾನದ ರಿಜಿಸ್ಟರ್ ಮುಖ್ಯವಾಗುವುದು. 1983ರ ಧರ್ಮಸಭೆಯ ಕಾನೂನು ಸಂಹಿತೆಯ 110ನೆಯ ವಿಧಿಯಂತೆ, ದೇಶದ ಕಾನೂನಿನ ಪ್ರಕಾರ ದತ್ತು ಪಡೆದ ಮಗು ಪಡೆದವರದೇ ಮಗು. ಅದರಲ್ಲಿ ಎರಡನೆಯ ದರ್ಜೆ ಇಲ್ಲ. 877ನೆಯ ವಿಧಿಯಂತೆ ರಿಜಿಸ್ಟರಿನಲ್ಲಿ ದತ್ತು ಪಡೆದವರ ಹೆಸರು ಬರೆಯಬೇಕು. ಸರ್ಕಾರಿ ದಾಖಲೆಯಲ್ಲಿ ಹೆತ್ತವರ ಹೆಸರು ಬರೆಯುವ ಕ್ರಮವಿದ್ದಲ್ಲಿ, ಧರ್ಮಾಧ್ಯಕ್ಷರ ಮಂಡಳಿಯ ನಿಯಮಕ್ಕೆ ಅನುಸಾರವಾಗಿ ಅದನ್ನೂ ಬರೆಯಬೇಕು. ಅವಿವಾಹಿತ ತಾಯಿಯ ಮಗುವಾದರೆ, ಆಕೆ ತಾಯಿಯೆಂಬುದಕ್ಕೆ ಬಹಿರಂಗ ಆಧಾರವಿದ್ದರೆ ಅಥವಾ ಆಕೆಯೇ ಬರಹದಲ್ಲಿ ಇಲ್ಲವೇ ಇಬ್ಬರು ಸಾಕ್ಷಿಗಳ ಮುಂದೆ ಕೇಳಿಕೊಂಡರೆ ಆಕೆಯ ಹೆಸರನ್ನು ಸೇರಿಸಬೇಕು. ಅಂದರೆ ಮುಚ್ಚಿಡಲು ಸುಳ್ಳು ಹೆಸರು ಬರೆಯುವುದು ದಯೆಯಲ್ಲ. ಕೊಡಗಿನ ಮಳೆಗೂ ಗೆದ್ದಲಿಗೂ ಕಾಗದವೆಂದರೆ ಬಲು ಇಷ್ಟ. ನಮ್ಮ ಹಳೆಯ ರಿಜಿಸ್ಟರುಗಳು ಎಲ್ಲಿವೆ, ಯಾವ ಸ್ಥಿತಿಯಲ್ಲಿವೆ ಎಂದು ಪಾಲನಾ ಸಮಿತಿಯವರು ಒಮ್ಮೆ ಗುರುಗಳನ್ನು ಕೇಳಬಾರದೇಕೆ?

ಈಗ ಹೆತ್ತ ತಾಯಿಯ ಮಾತು. ನಾವು ಕಡಿಮೆ ಯೋಚಿಸುವುದು ಇವಳ ಬಗ್ಗೆಯೇ. ಆಗ ಹತ್ತೊಂಬತ್ತರ ಹುಡುಗಿ, ಬಹುಶಃ ತೋಟದ ಲೈನ್ ಮನೆಯವಳು, ಅಥವಾ ಮಾನವಂತರೆನಿಸಿಕೊಂಡ ಮನೆಯವಳೇ. ಈಗ ಬೇರೆ ಊರಿನಲ್ಲಿ ಸಂಸಾರಸ್ಥೆ, ಮೊಮ್ಮಕ್ಕಳೂ ಇರಬಹುದು. ಗಂಡನಿಗೆ ಗೊತ್ತಿಲ್ಲ. ಪ್ರತಿ ವರ್ಷ ಒಂದು ದಿನ ಮಾತ್ರ ಯಾರಿಗೂ ಕಾರಣ ಹೇಳದೆ ಮೇಣದ ಬತ್ತಿ ಹಚ್ಚುತ್ತಾಳೆ. ಅವಳ ಬಾಗಿಲಿಗೆ ಒಂದು ದಿನ ಜೀಪು ಬಂದು ನಿಂತು, ಅದರಿಂದ ವಿದೇಶಿ ಬಟ್ಟೆ ತೊಟ್ಟ, ತನ್ನದೇ ಮುಖದ ಹೆಂಗಸು ಇಳಿದರೆ? ಮಗಳಿಗೆ ತಿಳಿಯುವ ಹಕ್ಕಿದೆ. ತಾಯಿಗೆ ಗುಟ್ಟು ಉಳಿಸಿಕೊಳ್ಳುವ ಹಕ್ಕೂ ಇದೆ. ಮಗುವನ್ನು ಒಪ್ಪಿಸಿದವಳನ್ನು ನಾವು ಇಷ್ಟು ಕಾಲ 'ಬಿಟ್ಟು ಹೋದವಳು' ಎಂದು ಕರೆದಿದ್ದೇವೆ. ಅಂದು ನಾಚಿಕೆಯ ಭಯ ಹುಟ್ಟಿಸಿದವರು ಯಾರೆಂದು ಕೇಳಿಕೊಂಡಿಲ್ಲ. (ಆ ಮಗುವಿನ ತಂದೆಯ ಹೆಸರನ್ನಂತೂ ಯಾರೂ ಎತ್ತುವುದೇ ಇಲ್ಲ.)

ಆದ್ದರಿಂದ ಅಂಗಳದಲ್ಲಿ ನಿಂತ ಆ ಹೆಂಗಸಿಗೆ ಮೊದಲು ಕಾಫಿ ಕೊಡಿ. ಊರ ಹಿರಿಯರನ್ನು ಸೇರಿಸಿ 'ಆ ವರ್ಷ ಯಾರ ಮನೆಯ ಹುಡುಗಿ ಕಾಣೆಯಾಗಿದ್ದಳು?' ಎಂದು ಲೆಕ್ಕ ಹಾಕಲು ಕೂರಬೇಡಿ. ಫೋಟೋ ತೆಗೆದು ವಾಟ್ಸಾಪಿಗೆ ಹಾಕಬೇಡಿ. ಕಾರಾದ 2022ರ ನಿಯಮಗಳಲ್ಲಿ ಬೇರು ಹುಡುಕಾಟಕ್ಕೇ ಒಂದು ದಾರಿ ಇದೆ. ಹದಿನೆಂಟು ತುಂಬಿದವರು ತಾವೇ ಅರ್ಜಿ ಹಾಕಬಹುದು. ಚಿಕ್ಕವರು ಸಾಕಿದ ತಂದೆತಾಯಿಯೊಂದಿಗೆ ಹಾಕಬೇಕು. ಮೂರನೆಯವರು ಇವರ ಪರವಾಗಿ ಹುಡುಕುವಂತಿಲ್ಲ. ಮಡಿಕೇರಿಯಲ್ಲಿರುವ ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಮತ್ತು ಮಗುವನ್ನು ಕಳುಹಿಸಿದ ಸಂಸ್ಥೆ ಸಹಾಯ ಮಾಡಬೇಕು. ಗುಟ್ಟಾಗಿರಲಿ ಎಂದು ತಾಯಿ ಆಗಲೇ ಕೇಳಿಕೊಂಡಿದ್ದರೆ ಅವಳ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಬೇಕು.

ಅವಳು ಒಲ್ಲೆನೆಂದರೆ? ಹೆಸರು ಹೇಳುವಂತಿಲ್ಲ. ಆದರೆ ಯಾವ ಸಂದರ್ಭದಲ್ಲಿ, ಯಾಕಾಗಿ ಮಗುವನ್ನು ಒಪ್ಪಿಸಿದಳೆಂಬುದನ್ನು ಮಗಳಿಗೆ ತಿಳಿಸಬೇಕು. ಕಡತದಲ್ಲಿ ಅದನ್ನು ಯಾರಾದರೂ ಸತ್ಯವಾಗಿ ಬರೆದಿಟ್ಟಿದ್ದರೆ.