ಹಿತ್ತಲಲ್ಲಿ ಅಕ್ವಾಪೋನಿಕ್ಸ್: ಮೊದಲು ನೀರು, ಆಮೇಲೆ ಮೀನು

ಕೆಳಗೆ ತೊಟ್ಟಿಯಲ್ಲಿ ಮೀನು, ಮೇಲೆ ಜಲ್ಲಿ ತುಂಬಿದ ಮಡಿಯಲ್ಲಿ ಸೊಪ್ಪು, ಎರಡರ ನಡುವೆ ಸುತ್ತುವ ಒಂದೇ ನೀರು. ಅಕ್ವಾಪೋನಿಕ್ಸ್ ಅಂದರೆ ಇಷ್ಟೇ. ಮೀನು ಕಿವಿರಿನ ಮೂಲಕ ಅಮೋನಿಯಾ ಹೊರಬಿಡುತ್ತದೆ. ಮಲ ಮತ್ತು ತಿನ್ನದೆ ಬಿಟ್ಟ ಮೇವು ಕೊಳೆತಾಗಲೂ ಅದೇ ಹುಟ್ಟುತ್ತದೆ. ಜಲ್ಲಿಗೆ ಅಂಟಿ ಬೆಳೆಯುವ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಆಗಿ ಬದಲಿಸುತ್ತವೆ. ಗಿಡಕ್ಕೆ ನೈಟ್ರೇಟ್ ಗೊಬ್ಬರ.

ಅಮೋನಿಯಾ, ನೈಟ್ರೈಟ್ ಎರಡೂ ಮೀನಿಗೆ ವಿಷ. ತೊಟ್ಟಿ ತುಂಬಿಸಿದ ದಿನವೇ ಮೀನು ಬಿಟ್ಟರೆ ಆ ವಿಷ ಕಳೆಯಲು ಬ್ಯಾಕ್ಟೀರಿಯಾ ಇನ್ನೂ ಬೆಳೆದಿರುವುದಿಲ್ಲ. ಹೊಸಬರ ಮೀನು ಸಾಯುವುದು ಹೆಚ್ಚಾಗಿ ಇದೇ ಕಾರಣಕ್ಕೆ. ಹಾಗಾಗಿ ಇಲ್ಲಿ ಮೀನಿನ ಸರದಿ ಬರುವುದು ಐದನೇ ಹಂತದಲ್ಲಿ.

ಬೇಕಾಗುವ ಸಾಮಗ್ರಿ

- 1000 ಲೀಟರಿನ ಒಂದು ಐಬಿಸಿ ಟ್ಯಾಂಕ್ (ಕಬ್ಬಿಣದ ಪಂಜರದೊಳಗಿನ ಬಿಳಿ ಪ್ಲಾಸ್ಟಿಕ್ ತೊಟ್ಟಿ)
- 20 ಮಿ.ಮೀ. ಜಲ್ಲಿ, ಸುಮಾರು 300 ಲೀಟರ್
- ಗಂಟೆಗೆ 2000 ಲೀಟರ್ ಎತ್ತುವ, ಎರಡು ಮೀಟರಿಗೂ ಹೆಚ್ಚು ಹೆಡ್ (ನೀರೆತ್ತುವ ಎತ್ತರ) ಇರುವ ಸಬ್‌ಮರ್ಸಿಬಲ್ ಪಂಪು, ಒಂದು ಟೈಮರ್
- ಗಾಳಿ ಪಂಪು, ಏರ್‌ಸ್ಟೋನ್, ಕರೆಂಟು ಹೋದಾಗ ಓಡಿಸಲು ಬ್ಯಾಟರಿ ಅಥವಾ ಇನ್ವರ್ಟರ್
- 40 ಮತ್ತು 110 ಮಿ.ಮೀ. ಪಿವಿಸಿ ಪೈಪಿನ ತುಂಡುಗಳು, ಕಾಂಕ್ರೀಟ್ ಬ್ಲಾಕ್
- ಅಮೋನಿಯಾ, ನೈಟ್ರೈಟ್, ನೈಟ್ರೇಟ್, ಪಿಎಚ್ ಅಳೆಯುವ ಅಕ್ವೇರಿಯಂ ಟೆಸ್ಟ್ ಕಿಟ್

ಹಳೆಯ ಟ್ಯಾಂಕ್ ಕೊಳ್ಳುವಾಗ ಅದರಲ್ಲಿ ಮೊದಲು ಏನಿತ್ತು ಎಂದು ಲೇಬಲ್ ನೋಡಿ ತಿಳಿದುಕೊಳ್ಳಿ. ಖಾದ್ಯ ತೈಲವೋ ಸಕ್ಕರೆ ಪಾಕವೋ ಇದ್ದರೆ ತೊಳೆದು ಬಳಸಬಹುದು. ರಾಸಾಯನಿಕ ಇದ್ದದ್ದು ಎಷ್ಟೇ ಅಗ್ಗವಾದರೂ ಬೇಡ.

ಹಂತ 1: ಜಾಗ

ಮಡಿಗೆ ದಿನಕ್ಕೆ ಐದಾರು ಗಂಟೆ ಬಿಸಿಲು, ತೊಟ್ಟಿಗೆ ನೆರಳು ಬೇಕು. ಎಲೆ ಉದುರುವ ಮರದಡಿ ಇಡಬೇಡಿ. ನೀರು, ಜಲ್ಲಿ ಎಲ್ಲ ಸೇರಿ ಒಂದು ಟನ್ನಿಗೂ ಮೀರಿದ ಭಾರ. ನೆಲವನ್ನು ದಮ್ಮಸ್ಸು ಮಾಡಿ ಮಟ್ಟ ನೋಡಿಕೊಳ್ಳಿ. ತಾರಸಿಯ ಮೇಲೆ ಇಡುವುದಾದರೆ ಎಂಜಿನಿಯರನ್ನು ಕೇಳದೆ ಮುಂದುವರಿಯಬೇಡಿ. ವಿದ್ಯುತ್ ಸಂಪರ್ಕಕ್ಕೆ ಆರ್‌ಸಿಸಿಬಿ (ಕರೆಂಟು ಸೋರಿದೊಡನೆ ಸಂಪರ್ಕ ಕಡಿಯುವ ಸ್ವಿಚ್) ಇರಲೇಬೇಕು. ನೀರಿನಲ್ಲಿ ಕೈ ಹಾಕುವ ಮುನ್ನ ಪಂಪಿನ ಸ್ವಿಚ್ ಆರಿಸುವುದು ಅಭ್ಯಾಸವಾಗಲಿ.

ಹಂತ 2: ತೊಟ್ಟಿ ಮತ್ತು ಮಡಿ

ಟ್ಯಾಂಕಿನ ಮೇಲಿನ 30 ಸೆಂ.ಮೀ. ಕತ್ತರಿಸಿ ಮಗುಚಿದರೆ ಅದೇ ಮಡಿ, ಸುಮಾರು 1.2 ಚದರ ಮೀಟರ್. ಉಳಿದ ಕೆಳಭಾಗ ಮೀನಿನ ತೊಟ್ಟಿ; ಅದರಲ್ಲಿ 600 ಲೀಟರ್ ನೀರು ನಿಲ್ಲಿಸಿ. ಬಿಳಿ ಪ್ಲಾಸ್ಟಿಕ್ಕಿನೊಳಗೆ ಬೆಳಕು ನುಗ್ಗಿ ಪಾಚಿ ಕಟ್ಟುತ್ತದೆ. ಹೊರಗಡೆ ಮೊದಲು ಕಪ್ಪು, ಅದರ ಮೇಲೆ ಬಿಳಿ ಬಣ್ಣ ಬಳಿಯಿರಿ.

ಮಡಿಯನ್ನು ತೊಟ್ಟಿಯ ಪಕ್ಕದಲ್ಲೇ ಬ್ಲಾಕುಗಳ ಮೇಲೆ ಏರಿಸಿ, ಸೋರುವ ನೀರು ತಾನಾಗಿ ತೊಟ್ಟಿಗೆ ಬೀಳುವಂತಿರಲಿ. ಮಡಿಯ ತಳಕ್ಕೆ 40 ಮಿ.ಮೀ. ಪೈಪನ್ನು ನೆಟ್ಟಗೆ ಕೂರಿಸಿ. ಅದರ ಬಾಯಿ ಜಲ್ಲಿಯ ಮೇಲ್ಮೈಗಿಂತ 5 ಸೆಂ.ಮೀ. ಕೆಳಗಿರಲಿ, ಬುಡದಲ್ಲಿ 8 ಮಿ.ಮೀ.ನ ಎರಡು ತೂತು ಇರಲಿ. ತೊಟ್ಟಿಯೊಳಗಿನ ಪಂಪು ಓಡುವಾಗ ಮಡಿ ತುಂಬುತ್ತದೆ, ಹೆಚ್ಚಾದದ್ದು ಪೈಪಿನ ಬಾಯಿಂದ ಇಳಿಯುತ್ತದೆ. ಪಂಪು ನಿಂತ ಮೇಲೆ ಉಳಿದದ್ದು ತೂತುಗಳಿಂದ ಬಸಿದು ಬೇರಿಗೆ ಗಾಳಿ ಸಿಗುತ್ತದೆ. ಜಲ್ಲಿ ಪೈಪಿಗೆ ಸೇರದಂತೆ ಸುತ್ತ ತೂತು ಕೊರೆದ 110 ಮಿ.ಮೀ. ಪೈಪನ್ನು ಕವಚವಾಗಿ ಇಳಿಸಿ. ತುಂಬಿದ ಮಡಿಯನ್ನು ತಾನಾಗಿ ಬಸಿಯುವ ಬೆಲ್ ಸೈಫನ್ ಕೈ ಪಳಗಿದ ಮೇಲೆ ನೋಡೋಣ.

ಹಂತ 3: ಜಲ್ಲಿ ಮತ್ತು ನೀರು

ನಾಲ್ಕಾರು ಜಲ್ಲಿಕಲ್ಲಿನ ಮೇಲೆ ವಿನೆಗರ್ ಸುರಿಯಿರಿ. ನೊರೆ ಎದ್ದರೆ ಅದರಲ್ಲಿ ಸುಣ್ಣದಂಶವಿದೆ, ನೀರಿನ ಪಿಎಚ್ ಏರಿಸುತ್ತದೆ, ಬೇಡ. ಗ್ರಾನೈಟ್ ಜಲ್ಲಿ ಒಳ್ಳೆಯದು. ಪುಡಿಯೆಲ್ಲ ಹೋಗಿ ನೀರು ತಿಳಿಯಾಗುವವರೆಗೂ ಜಲ್ಲಿಯನ್ನು ತೊಳೆಯಿರಿ.

ನಲ್ಲಿ ನೀರಿನ ಕ್ಲೋರಿನ್ ಬ್ಯಾಕ್ಟೀರಿಯಾವನ್ನೂ ಮೀನನ್ನೂ ಕೊಲ್ಲುತ್ತದೆ. ಗಾಳಿ ಪಂಪು ಹಾಕಿ ಎರಡು ದಿನ ತೆರೆದಿಡಿ. ಬೋರ್‌ವೆಲ್ ನೀರು ಬಹಳ ಕಡೆ ಗಡಸು, ಪಿಎಚ್ 8ರ ಹತ್ತಿರ. ಅಂಥಲ್ಲಿ ಚಾವಣಿಯ ಮಳೆನೀರನ್ನು ಅರ್ಧಕ್ಕರ್ಧ ಬೆರೆಸಿದರೆ ಸುಧಾರಿಸುತ್ತದೆ. ಮೀನು, ಗಿಡ, ಬ್ಯಾಕ್ಟೀರಿಯಾ ಮೂರೂ ಒಪ್ಪುವ ಪಿಎಚ್ 7ರ ಆಸುಪಾಸು.

ಟೈಮರನ್ನು 15 ನಿಮಿಷ ಓಟ, 45 ನಿಮಿಷ ವಿಶ್ರಾಂತಿಗೆ ಇಡಿ. ಗಾಳಿ ಪಂಪು ಹಗಲಿರುಳು ಓಡುತ್ತಲೇ ಇರಬೇಕು.

ಹಂತ 4: ನೀರು ಪಳಗಿಸುವುದು

ತಾಳ್ಮೆ ಬೇಕಾದದ್ದು ಇಲ್ಲಿ. ಬ್ಯಾಕ್ಟೀರಿಯಾಗೂ ಆಹಾರ ಬೇಕಲ್ಲ? ಲ್ಯಾಬ್ ಸಾಮಗ್ರಿ ಅಂಗಡಿಯ ಶುದ್ಧ ಅಮೋನಿಯಂ ಕ್ಲೋರೈಡ್ ಸುಮಾರು 4 ಗ್ರಾಂ ಕರಗಿಸಿದರೆ 600 ಲೀಟರಿನಲ್ಲಿ ಅಮೋನಿಯಾ 2 ಪಿಪಿಎಂ ಮುಟ್ಟುತ್ತದೆ. ಪರಿಚಯದವರ ಆರೋಗ್ಯವಂತ ಅಕ್ವೇರಿಯಂ ಫಿಲ್ಟರಿನಿಂದ ಒಂದು ಹಿಡಿ ಕಲ್ಲು ಸಿಕ್ಕರೆ ತಂದು ಜಲ್ಲಿಯೊಳಗೆ ಹೂಳಿ. ಹಾಲಿಗೆ ಹೆಪ್ಪು ಹಾಕಿದ ಹಾಗೆ ಕೆಲಸ ಬೇಗ ಆಗುತ್ತದೆ.

ಎರಡು ದಿನಕ್ಕೊಮ್ಮೆ ಅಳೆಯಿರಿ. ಮೊದಲು ಅಮೋನಿಯಾ ಇಳಿದು ನೈಟ್ರೈಟ್ ಏರುತ್ತದೆ, ಆಮೇಲೆ ನೈಟ್ರೈಟ್ ಇಳಿದು ನೈಟ್ರೇಟ್ ಕಾಣುತ್ತದೆ. ಅಮೋನಿಯಾ ಸೊನ್ನೆಯಾದಾಗಲೆಲ್ಲ ಮತ್ತೆ ಅಷ್ಟೇ ಹಾಕಿ. ಹಾಕಿದ 24 ಗಂಟೆಯೊಳಗೆ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದರೆ ನೀರು ಪಳಗಿತು. ನಾಲ್ಕರಿಂದ ಆರು ವಾರ ಹಿಡಿಯುತ್ತದೆ.

ಹಂತ 5: ಮೀನು

ಹೊಸಬರಿಗೆ ಸಾಮಾನ್ಯ ಗೆಂಡೆ ಸರಿಯಾದ ಮೀನು. ಬಿಸಿಲು, ಚಳಿ ಎರಡನ್ನೂ ತಡೆಯುತ್ತದೆ. ಮನೆಯಲ್ಲಿ ಮೀನು ತಿನ್ನದವರು ಕೋಯಿ ಅಥವಾ ಗೋಲ್ಡ್‌ಫಿಶ್ ಸಾಕಬಹುದು, ಗಿಡಕ್ಕೆ ವ್ಯತ್ಯಾಸವಿಲ್ಲ. ಮಾರುಕಟ್ಟೆಯಲ್ಲಿ ಜಿಲೇಬಿ ಎನ್ನುವ ತಿಲಾಪಿಯಾ ಸಾಕಲು ಅನುಮತಿ ಬೇಕು. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆ ನಿಷಿದ್ಧ. ಮರಿಗಳಿಗೆ ಮೀನುಗಾರಿಕೆ ಇಲಾಖೆಯ ಮೀನುಮರಿ ಕೇಂದ್ರಗಳಲ್ಲಿ ವಿಚಾರಿಸಿ.

600 ಲೀಟರಿಗೆ 20 ಮರಿ ಸಾಕು. ತಂದ ಚೀಲವನ್ನು 20 ನಿಮಿಷ ತೊಟ್ಟಿಯಲ್ಲಿ ತೇಲಿಸಿ, ಸ್ವಲ್ಪ ಸ್ವಲ್ಪವೇ ತೊಟ್ಟಿ ನೀರು ಬೆರೆಸಿ, ಆಮೇಲೆ ಬಿಡಿ. ಬೆಕ್ಕು, ಮಿಂಚುಳ್ಳಿ, ಮಕ್ಕಳು ಮೂವರ ದೃಷ್ಟಿಯಿಂದಲೂ ತೊಟ್ಟಿಯ ಬಾಯಿಗೆ ಗಟ್ಟಿ ಬಲೆ ಅಗತ್ಯ.

ಹಂತ 6: ಮೇವಿನ ಲೆಕ್ಕ

ಗಿಡಕ್ಕೆ ಸಿಗುವ ಗೊಬ್ಬರವೆಲ್ಲ ನೀವು ಹಾಕುವ ಮೇವಿನಿಂದಲೇ ಬರುವುದು. ಒಂದು ಚದರ ಮೀಟರ್ ಸೊಪ್ಪಿನ ಮಡಿಗೆ ದಿನಕ್ಕೆ 40ರಿಂದ 50 ಗ್ರಾಂ ಮೇವು ಎಂಬುದು ಅಂದಾಜು. ನಮ್ಮ 1.2 ಚದರ ಮೀಟರಿಗೆ 50ರಿಂದ 60 ಗ್ರಾಂ.

ಹತ್ತು ಗ್ರಾಮಿನ 20 ಮರಿ ಎಂದರೆ 200 ಗ್ರಾಂ; ತೂಕದ ಶೇ. 5ರಂತೆ ದಿನಕ್ಕೆ 10 ಗ್ರಾಂ ಮೇವು. ಆಗ ಮಡಿಯ ಐದನೇ ಒಂದು ಭಾಗಕ್ಕಷ್ಟೇ ಗೊಬ್ಬರ ಸಾಲುತ್ತದೆ. ಮೀನು 150 ಗ್ರಾಂ ತೂಗುವಾಗ ಒಟ್ಟು 3 ಕಿಲೋ, ಶೇ. 2ರಂತೆ 60 ಗ್ರಾಂ. ಆಗ ಮಡಿ ಪೂರ್ತಿ ಹಸಿರಾಗಬಹುದು. ಅಲ್ಲಿಂದ ಮುಂದೆ ದೊಡ್ಡವನ್ನು ಒಂದೊಂದಾಗಿ ಹಿಡಿಯುತ್ತ ಬಂದರೆ ಲೆಕ್ಕ ತಪ್ಪುವುದಿಲ್ಲ.

ತೇಲುವ ಮೇವನ್ನು ಎರಡು ಹೊತ್ತು ಕೊಡಿ. ಹದಿನೈದು ನಿಮಿಷದಲ್ಲಿ ತಿನ್ನದೆ ಉಳಿದದ್ದನ್ನು ಎತ್ತಿಬಿಡಿ. ಚಳಿಗಾಲದಲ್ಲಿ ಮೀನು ತಿನ್ನುವುದೇ ಕಡಿಮೆ, ಮೇವನ್ನೂ ಇಳಿಸಿ.

ಹಂತ 7: ಗಿಡ

ಪುದೀನ, ಪಾಲಕ್, ಹರಿವೆ, ಬಸಳೆಯಿಂದ ಶುರುಮಾಡಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಹರಿವೆ ತಳಿ ಅರ್ಕಾ ಸುಗುಣ, ಪಾಲಕ್ ತಳಿ ಅರ್ಕಾ ಅನುಪಮ ಎರಡನ್ನೂ ಮತ್ತೆ ಮತ್ತೆ ಕೊಯ್ಯಬಹುದು. ಟ್ರೇಯಲ್ಲಿ ಬೆಳೆದ ಸಸಿಯ ಬೇರನ್ನು ತೊಳೆದು ಜಲ್ಲಿಯಲ್ಲಿ ನೆಡಿ. ಟೊಮೆಟೊ, ಮೆಣಸಿನಕಾಯಿ ನಾಲ್ಕು ತಿಂಗಳ ನಂತರ. ಮೂಲಂಗಿ, ಕ್ಯಾರೆಟ್ ಜಲ್ಲಿಗೆ ಒಗ್ಗುವುದಿಲ್ಲ. ಒಂದು ಹಿಡಿ ಎರೆಹುಳು ಬಿಟ್ಟರೆ ಜಲ್ಲಿಯ ಸಂದಿಯ ಕಸವನ್ನು ಅವೇ ಕರಗಿಸುತ್ತವೆ.

ಕೀಟನಾಶಕ, ಬೋರ್ಡೋ ದ್ರಾವಣ ಬೇಡವೇ ಬೇಡ. ಬೇವಿನೆಣ್ಣೆಯೂ ಮೀನಿಗೆ ಒಳ್ಳೆಯದಲ್ಲ. ಹಳದಿ ಅಂಟುಬಲೆ ಕಟ್ಟಿ, ಹುಳುವನ್ನು ಕೈಯಿಂದ ಆರಿಸಿ.

ತೊಂದರೆ ಕಂಡರೆ

- ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ: ಆಮ್ಲಜನಕ ಸಾಲದು. ಗಾಳಿ ಹೆಚ್ಚಿಸಿ, ಆ ದಿನ ಮೇವು ನಿಲ್ಲಿಸಿ.
- ಅಮೋನಿಯಾ ಅಥವಾ ನೈಟ್ರೈಟ್ 1 ಪಿಪಿಎಂ ದಾಟಿದರೆ: ಮೇವು ನಿಲ್ಲಿಸಿ, ಮೂರನೇ ಒಂದು ಭಾಗ ನೀರು ಬದಲಿಸಿ.
- ಚಿಗುರೆಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ: ಕಬ್ಬಿಣದ ಕೊರತೆ. ಶೇ. 11 ಕಬ್ಬಿಣವಿರುವ ಡಿಟಿಪಿಎ ಪುಡಿ 10 ಗ್ರಾಂ ಕರಗಿಸಿ ಹಾಕಿ.
- ಪಿಎಚ್ 6.5ಕ್ಕಿಂತ ಇಳಿದರೆ: ಅಮೋನಿಯಾ ನೈಟ್ರೇಟ್ ಆಗುವಾಗ ನೀರು ಹುಳಿಯಾಗುವುದು ಸಹಜ. ಒಮ್ಮೆ ಸುಣ್ಣ, ಇನ್ನೊಮ್ಮೆ ಪೊಟ್ಯಾಸಿಯಂ ಬೈಕಾರ್ಬನೇಟ್, ಚಿಟಿಕೆ ಚಿಟಿಕೆಯಾಗಿ ದಿನ ಬಿಟ್ಟು ದಿನ ಬೆರೆಸಿ.

ದಿನಕ್ಕೆ ಹತ್ತು ನಿಮಿಷ, ವಾರಕ್ಕೊಮ್ಮೆ ಪರೀಕ್ಷೆ, ಆರಿಹೋದಷ್ಟು ನೀರಿನ ಭರ್ತಿ: ಇಷ್ಟು ಸಾಕು. ಇದರಿಂದ ಹಣ ಮಾಡುವ ಆಸೆ ಬೇಡ. ಅಡುಗೆಮನೆಗೆ ಸೊಪ್ಪು, ಆಗೀಗ ಮೀನು ಸಿಗುತ್ತದೆ. ಎರಡನೇ ಮಡಿ ಹಾಕುವ ಮನಸ್ಸಾದಾಗ ಮೀನಿನ ಸಂಖ್ಯೆ ಹೆಚ್ಚಿಸುವ ಮುನ್ನ ದಿನದ ಮೇವು ಎಷ್ಟು ಗ್ರಾಂ ಎಂದು ತೂಗಿ ನೋಡಿ. ಮಡಿ ಎಷ್ಟು ದೊಡ್ಡದಿರಬೇಕು ಎಂಬುದನ್ನು ಆ ತಕ್ಕಡಿಯೇ ಹೇಳುತ್ತದೆ.