ತಾತ ಬಂದ ದಾರಿ

ನಿಮ್ಮ ತಾತ ಹುಟ್ಟಿದ ಊರು ಯಾವುದು? ಅವರು ಬೆಂಗಳೂರಿಗೆ ಬಂದದ್ದು ಯಾವಾಗ, ಏನನ್ನು ಬಿಟ್ಟು ಬಂದರು? ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳ ನಮ್ಮ ಎಷ್ಟೋ ಕುಟುಂಬಗಳು ವಲಸೆ ಬಂದವರ ಕುಟುಂಬಗಳೇ. ಜಯನಗರಕ್ಕೆ ಅಡಿಗಲ್ಲು ಬಿದ್ದದ್ದೇ 1948ರಲ್ಲಿ. ಕೆಲವರು ಮಂಗಳೂರಿನ ಕಡೆಯವರು, ಕೆಲವರು ತಮಿಳುನಾಡಿನವರು, ಮತ್ತೆ ಕೆಲವರು ಕೋಲಾರದ ಚಿನ್ನದ ಗಣಿಯಿಂದ ಬಂದವರು. ಆದರೆ ಪೂಜಾ ಕೋರಿಕೆ ಬರೆಸಲು ಬಂದ ಮೊಮ್ಮಕ್ಕಳನ್ನು "ತಾತನ ಹೆಸರೇನಪ್ಪಾ?" ಎಂದು ಕೇಳಿದರೆ, ಎಷ್ಟೋ ಸಲ ಅವರು ಮನೆಗೆ ಫೋನ್ ಮಾಡಿ ವಿಚಾರಿಸಬೇಕಾಗುತ್ತದೆ. ಗೋಡೆಯ ಮೇಲೆ ಹಾರ ಹಾಕಿದ ಫೋಟೋ ಇದೆ. ಪ್ರೀತಿಯೂ ಇದೆ, ಅದರಲ್ಲಿ ಸಂಶಯವಿಲ್ಲ. ತಾತನ ಕಥೆ ಮಾತ್ರ ಯಾರಿಗೂ ಗೊತ್ತಿಲ್ಲ.

ಆದಿಕಾಂಡದ 48ನೇ ಅಧ್ಯಾಯವನ್ನು ತೆರೆಯಿರಿ. ಅಲ್ಲಿರುವ ಯಕೋಬನೂ ವಲಸೆ ಬಂದ ತಾತನೇ. ಬರಗಾಲಕ್ಕೆ ಸಿಕ್ಕಿ, ಮುದಿವಯಸ್ಸಿನಲ್ಲಿ ಕಾನಾನ್ ನಾಡನ್ನು ಬಿಟ್ಟು ಈಜಿಪ್ಟಿಗೆ ಬಂದು, ಅಲ್ಲಿ 17 ವರ್ಷ ಬದುಕಿದವನು. ತಂದೆಗೆ ಕಾಯಿಲೆ ಎಂದು ತಿಳಿದೊಡನೆ ಜೋಸೆಫನು ತನ್ನ ಇಬ್ಬರು ಗಂಡುಮಕ್ಕಳನ್ನು, ಮನಸ್ಸೆ ಮತ್ತು ಎಫ್ರಯಿಮರನ್ನು, ಕರೆದುಕೊಂಡು ಹೋಗುತ್ತಾನೆ. ಚಿತ್ರಗಳಲ್ಲಿ ಇವರನ್ನು ಪುಟ್ಟ ಮಕ್ಕಳಂತೆ ಬಿಡಿಸುವುದು ರೂಢಿ. ಲೆಕ್ಕ ಹಾಕಿ ನೋಡಿ. ಇಬ್ಬರೂ ಬರಗಾಲಕ್ಕೆ ಮುಂಚೆ ಹುಟ್ಟಿದವರು. ಯಕೋಬನು ಬಂದದ್ದು ಬರಗಾಲದ ಎರಡು ವರ್ಷ ಕಳೆದ ಮೇಲೆ. ಅದಕ್ಕೆ 17 ಸೇರಿಸಿ. ನಮ್ಮ ಲೆಕ್ಕದಲ್ಲಿ ಕಾಲೇಜಿಗೆ ಹೋಗುವ ವಯಸ್ಸಿನ ಯುವಕರು! ತಾಯಿ ಈಜಿಪ್ಟಿನ ಪೂಜಾರಿಯೊಬ್ಬನ ಮಗಳು. ಮನೆಯಲ್ಲಿ ಆಡುತ್ತಿದ್ದ ಭಾಷೆ ತಾತನ ಭಾಷೆ ಆಗಿರಲಾರದು.

ಮುದುಕನು ಕಷ್ಟಪಟ್ಟು ಹಾಸಿಗೆಯ ಮೇಲೆ ಎದ್ದು ಕೂರುತ್ತಾನೆ. ಆಶೀರ್ವಾದಕ್ಕೆ ಅವಸರವಿಲ್ಲ. ಕಾನಾನಿನ ಲೂಜ್ ಎಂಬ ಊರಿನಲ್ಲಿ ದೇವರು ತನಗೆ ದರ್ಶನ ಕೊಟ್ಟದ್ದನ್ನು ಮೊದಲು ಹೇಳುತ್ತಾನೆ. ಈ ಮೊಮ್ಮಕ್ಕಳು ತನ್ನ ಸ್ವಂತ ಮಕ್ಕಳ ಸಾಲಿಗೇ ಸೇರಿದವರು ಎನ್ನುತ್ತಾನೆ. ಬಳಿಕ ಯಾರೂ ಕೇಳದಿದ್ದರೂ ರಾಖೇಲಳ ಸಾವಿನ ಮಾತು ತೆಗೆಯುತ್ತಾನೆ: ಎಫ್ರಾತಿಗೆ ಇನ್ನೂ ಸ್ವಲ್ಪ ದೂರವಿರುವಾಗ ದಾರಿಯಲ್ಲೇ ತೀರಿಹೋದಳು, ಅಲ್ಲೇ ಮಣ್ಣುಮಾಡಿದೆ ಎಂದು. ಎಷ್ಟೋ ವರ್ಷಗಳ ಹಿಂದಿನ ದುಃಖ ಅದು. ಆ ಯುವಕರಿಗೆ ರಾಖೇಲಳು ತಂದೆಯ ತಾಯಿ. ಅವರು ನೋಡಿರದ ಅಜ್ಜಿ. ಇದಾದ ಮೇಲೆಯೇ ಅವನು ಅವರನ್ನು ಹತ್ತಿರಕ್ಕೆ ಕರೆದು ಮುದ್ದಿಟ್ಟು, ಕೈಗಳನ್ನು ಅದಲುಬದಲು ಮಾಡಿ ತಲೆಯ ಮೇಲಿಡುವುದು.

ನಮ್ಮ ನಾಡಿನಲ್ಲೇ ಇಂಥ ತಾತಂದಿರಿದ್ದರು. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯವನ್ನು ನೀವು ನೋಡಿರಬಹುದು. ಅದರ ಗೋಡೆ, ಚಾವಣಿಗಳ ತುಂಬ ಚಿತ್ರ ಬರೆದವರು ಇಟಲಿಯ ಬೆರ್ಗಮೊ ಬಳಿಯ ಸ್ತೆಜ್ಜಾನೊ ಊರಿನ ಯೇಸುಸಭೆಯ ಸಹೋದರ ಅಂತೋನಿಯೊ ಮೊಸ್ಕೇನಿ. ಮತ್ತೆ ಊರಿಗೆ ಹಿಂದಿರುಗದೆ 1905ರಲ್ಲಿ ಕೊಚ್ಚಿಯಲ್ಲಿ ತೀರಿಹೋದರು. ಅವರಿಗೆ ಮೊಮ್ಮಕ್ಕಳಿಲ್ಲ, ಆದರೆ ಗೋಡೆಗಳಿವೆ.

ಅದೇ ಇಟಲಿಯಿಂದ ಕೋಲಾರದ ಚಿನ್ನದ ಗಣಿಗೂ ಕೆಲಸಗಾರರು ಬಂದಿದ್ದರು. 1880ರಲ್ಲಿ ಜಾನ್ ಟೇಲರ್ ಕಂಪನಿ ಗಣಿಗೆ ಕೈಹಾಕಿದ ಮೇಲೆ ಇಂಗ್ಲೆಂಡಿನ ಕಾರ್ನ್‌ವಾಲ್, ಇಟಲಿ, ತಮಿಳುನಾಡು, ಆಂಧ್ರಗಳ ಜನ ಅಲ್ಲಿ ಸೇರಿದರು. ಸಂಬಳದಲ್ಲಿ, ವಸತಿಯಲ್ಲಿ ಇವರು ಸಮಾನರಾಗಿರಲಿಲ್ಲ. ಆದರೆ ಬಂಡೆ ಸಿಡಿದರೆ ಯಾರನ್ನೂ ನೋಡಿ ಸಿಡಿಯುತ್ತಿರಲಿಲ್ಲ. ಕಲ್ಲಿನ ಧೂಳು ಶ್ವಾಸಕೋಶ ತಿನ್ನುವಾಗಲೂ ಹಾಗೆಯೇ. 1940ರ ಜೂನ್‌ನಲ್ಲಿ ಇಟಲಿ ಬ್ರಿಟನ್ನಿನ ಮೇಲೆ ಯುದ್ಧ ಸಾರಿದಾಗ, ಈ ನಾಡಿನಲ್ಲಿದ್ದ ಇಟಾಲಿಯನ್ನರು ದಿನ ಬೆಳಗಾಗುವುದರಲ್ಲಿ ಶತ್ರುದೇಶದ ಪ್ರಜೆಗಳಾದರು. 2001ರ ಫೆಬ್ರವರಿ 28ರಂದು ಗಣಿಯೇ ಮುಚ್ಚಿತು. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದು ಅವರು ಕೊರೆದ ಸುರಂಗಗಳಲ್ಲಿ ಈಗ ನೀರು ತುಂಬಿದೆ. ಮೊಸ್ಕೇನಿಯವರ ಕೆಲಸವನ್ನು ಬೊಟ್ಟು ಮಾಡಿ ತೋರಿಸಬಹುದು. ಗಣಿಯಲ್ಲಿ ದುಡಿದ ತಾತನ ಕೆಲಸವನ್ನು ತೋರಿಸುವುದು ಎಲ್ಲಿ? ಮನೆಯವರ ಬಾಯಲ್ಲಿ ಉಳಿದರೆ ಉಳಿಯಿತು.

ಇನ್ನೊಂದು ಮಾತು. ತೀರಿಹೋದ ತಾತನನ್ನು ನಾವು ಬೇಗನೆ ಸಂತರನ್ನಾಗಿ ಮಾಡಿಬಿಡುತ್ತೇವೆ. ಅವರ ಕುಡಿತ, ಮುಂಗೋಪ, ಅಣ್ಣತಮ್ಮಂದಿರೊಡನೆ ಕೊನೆವರೆಗೂ ಬಿಡದ ಜಮೀನಿನ ಜಗಳ, ಇವನ್ನೆಲ್ಲ ಹೇಳಬಾರದು ಎನ್ನುತ್ತೇವೆ. ಯಕೋಬನು ಕುರುಡು ತಂದೆಗೆ ಮೋಸ ಮಾಡಿ ಅಣ್ಣನ ಆಶೀರ್ವಾದ ಕದ್ದದ್ದನ್ನು ಪವಿತ್ರ ಗ್ರಂಥ ಮುಚ್ಚಿಟ್ಟಿಲ್ಲ. ಅಷ್ಟಕ್ಕೂ, ತಾತನಲ್ಲಿ ಯಾವ ಕೊರತೆಯೂ ಇರಲಿಲ್ಲ ಎಂದಾದರೆ ಅವರಿಗಾಗಿ ಪ್ರಾರ್ಥಿಸುವುದೇಕೆ? ಧರ್ಮಸಭೆ ಮೃತರಿಗಾಗಿ ಬಲಿಪೂಜೆ ಅರ್ಪಿಸುವುದು ಅವರಿಗೆ ಇನ್ನೂ ನಮ್ಮ ಪ್ರಾರ್ಥನೆಯ ನೆರವು ಬೇಕು ಎಂಬ ನಂಬಿಕೆಯಿಂದಲೇ. ನವೆಂಬರ್ 1ರಿಂದ 8ರವರೆಗೆ ಸಮಾಧಿಭೂಮಿಗೆ ಹೋಗಿ ಪ್ರಾರ್ಥಿಸುವವರು, ಪಾಪನಿವೇದನೆ, ಪರಮಪ್ರಸಾದ ಮುಂತಾದ ನಿಯಮಗಳನ್ನು ಪಾಲಿಸಿದರೆ, ಮೃತರಿಗಾಗಿ ಪೂರ್ಣ ಪಾಪದಂಡ ವಿಮೋಚನೆ ಪಡೆಯಬಹುದು. ಮಕ್ಕಳನ್ನೂ ಕರೆದೊಯ್ಯಿರಿ, ಮೇಣದಬತ್ತಿ ಹಚ್ಚುವಾಗ ತಾತನ ಪೂರ್ತಿ ಹೆಸರು, ಅವರ ಊರಿನ ಹೆಸರು ಹೇಳಿಕೊಡಿ.

ತಾತ ಇನ್ನೂ ಬದುಕಿದ್ದರೆ ಈ ಭಾನುವಾರ ಪೂಜೆ ಮುಗಿಸಿ ಬಂದು ಕೇಳಿರಿ. ನಿಮ್ಮ ಊರಿನ ಚರ್ಚು ಹೇಗಿತ್ತು? ಬಸ್ಸು ಹತ್ತಿಸಲು ಯಾರು ಬಂದಿದ್ದರು? ಮೊದಲ ಸಂಬಳ ಏನು ಮಾಡಿದಿರಿ? ಮೊಮ್ಮಕ್ಕಳಿಗೆ ಅವರ ಕೊಂಕಣಿಯೋ ತಮಿಳೋ ಅರ್ಥವಾಗದಿದ್ದರೆ ಅಪ್ಪ ಅಮ್ಮ ಪಕ್ಕದಲ್ಲಿ ಕುಳಿತು ಹೇಳಲಿ. ಜೋಸೆಫನು ಈಜಿಪ್ಟ್ ದೇಶವನ್ನೇ ಆಳುತ್ತಿದ್ದವನು, ಅವನಿಗೂ ಆ ಹೊತ್ತಿಗೆ ಬಿಡುವಿತ್ತು.